ಇಳಿಸದ ಕ್ಯಾಪ್ಟನ್, ತಡವಾದ ಬಾಪ

ವಿಮಾನದೊಳಗೆ ಬಸ್ ಕಂಡಕ್ಟರ್ ಆಗಿ ಚಪ್ಪಾಳೆ ಗಿಟ್ಟಿಸಿದ ಕರಾವಳಿಯ ಮೊದಲ ಮನುಷ್ಯ ನಾನೇ ಇರಬೇಕು. (ನನಗಿಂತ ಮೊದಲು ಯಾರಾದರೂ ಮಾಡಿದ್ದರೆ ದಯವಿಟ್ಟು ತಿಳಿಸಬೇಡಿ. ಖುಷಿ ಹಾಳಾಗುತ್ತದೆ.)

ಮುಂಬಯಿಯಲ್ಲಿ ಊರಿನವರ ಸಂಘದ ಕಾರ್ಯಕ್ರಮ. ಮಿಮಿಕ್ರಿ ಮಾಡಿ, ಶಾಲು ಹೊದೆಸಿಕೊಂಡು, ಬೆಳಗ್ಗಿನ ಫ್ಲೈಟಿನಲ್ಲಿ ಮಂಗಳೂರಿಗೆ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಕಾಪುವಿನ ಹಮೀದಾಕ. ದುಬೈಯ ಸೂಪರ್ ಮಾರ್ಕೆಟಿನಲ್ಲಿ ಕೆಲಸ. ನೇರ ಟಿಕೆಟ್ ಸಿಗದೆ ಮುಂಬಯಿ ದಾರಿಯಾಗಿ ಬರುತ್ತಿದ್ದರು. ಮಗಳು ಸಫ್ರೀನಾಳ ನಿಕಾಹ್ ಅದೇ ದಿನ, ಮಧ್ಯಾಹ್ನದ ಊಟಕ್ಕೆ ಮೊದಲು.

"ಮದುಮಗನ ಕೈ ಹಿಡಿದು ಮಗಳನ್ನು ಕೊಟ್ಟೆ ಅಂತ ಹೇಳಬೇಕಾದವ ನಾನು. ಅದು ಬಾಪನ ಕೆಲಸ ಮಾರಾಯ," ಎಂದರು. ಹೇಳುತ್ತಾ ತಮ್ಮ ಬಲಗೈಯನ್ನೇ ನೋಡಿಕೊಂಡರು.

"ಹಾಗಾದರೆ ಎರಡು ದಿನ ಮೊದಲೇ ಬರಬಹುದಿತ್ತಲ್ಲ ಹಮೀದಾಕ?"

"ರಜೆ ಕೊಡುವವ ನಿನ್ನ ಹಾಗೆ ಮಿಮಿಕ್ರಿ ಮಾಡಿಕೊಂಡು ತಿರುಗುವವ ಅಲ್ಲ."

ಸರಿ. ಒಂದು ನನಗೆ ಬಿತ್ತು.

ಮಂಗಳೂರು ಹತ್ತಿರವಾಯಿತು. ಕಿಟಕಿಯ ಹೊರಗೆ ಹಸಿ ಹತ್ತಿಯಂಥ ಮೋಡ. ಬಜಪೆಯ ಗುಡ್ಡದ ಮೇಲೆ ವಿಮಾನ ಇಳಿಯುವಾಗ ನಮ್ಮ ಕಡೆಯವರು ಯಾರೂ ಜೋರಾಗಿ ಉಸಿರಾಡುವುದಿಲ್ಲ. ಇಲ್ಲೇ ರನ್‌ವೇ ದಾಟಿ ಕಣಿವೆಗೆ ಬಿದ್ದ ವಿಮಾನದ ಹಳೆಯ ದುರಂತ ಎಲ್ಲರಿಗೂ ನೆನಪಿದೆ. ತೆಂಗಿನ ತಲೆಗಳು ಕಂಡವು. ಹಂಚಿನ ಮಾಡುಗಳು ಕಂಡವು. ಹಮೀದಾಕ ಸೀಟಿನ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಅಷ್ಟರಲ್ಲಿ ಇಂಜಿನ್ ಗರ್ಜಿಸಿತು. ಬೆನ್ನು ಸೀಟಿಗೆ ಅಂಟಿತು. ತೆಂಗಿನ ತಲೆಗಳು ಕೆಳಗೆ ಉಳಿದವು.

ಮತ್ತೆ ಮೋಡ. ಒಂದಷ್ಟು ಹೊತ್ತು ಸುತ್ತು. ಆಮೇಲೆ ಕ್ಯಾಪ್ಟನ್ ಧ್ವನಿ: ಹವಾಮಾನ ಸರಿಯಿಲ್ಲ, ಬೆಂಗಳೂರಿಗೆ ಹೋಗುತ್ತಿದ್ದೇವೆ.

ಬೆಂಗಳೂರು! ಹಮೀದಾಕನ ಮುಖ ನೋಡಬೇಕಿತ್ತು.

"ರನ್‌ವೇ ಕಾಣ್ತಿತ್ತಲ್ಲ! ಇಳಿಸಲಿಕ್ಕೆ ಎಂತ ಆಗಿತ್ತು ಇವರಿಗೆ? ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರನ್ನು ಕೂರಿಸಿದ್ದರೆ ಇಷ್ಟೊತ್ತಿಗೆ ಇಳಿಸಿ, ಚಾ ಕುಡಿದು ಆಗುತ್ತಿತ್ತು!"

ಇಡೀ ವಿಮಾನ ಹೌದೆಂದಿತು. ಏಕೆಂದರೆ ನಾವು ಈ ಊರಿನ ಜನ. ನಮ್ಮ ಖಾಸಗಿ ಬಸ್ಸುಗಳಿಗೆ ಒಂದೇ ದೇವರು: ಟೈಮಿಂಗ್. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಸ್ಟ್ಯಾಂಡಿನಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಆಕ್ಸಿಲರೇಟರ್ ಒತ್ತಿಕೊಂಡು ಬಂದವನೇ ಒಳ್ಳೆಯ ಡ್ರೈವರ್. ಬ್ರೇಕ್ ಹಾಕಿದವನು ಹೊಸಬ.

ಇಂಥ ಅವಕಾಶವನ್ನು ನಾನು ಬಿಡುತ್ತೇನೆಯೇ? ಸ್ಟೇಜಿನಲ್ಲಿ ನನ್ನ ಹಿಟ್ ಐಟಂ ಇರುವುದೇ ಕಂಡಕ್ಟರಿನದ್ದು. ಸೀಟ್ ಬೆಲ್ಟ್ ಕಟ್ಟಿಕೊಂಡೇ ಶುರು ಮಾಡಿದೆ.

"ಹೋಯ್ ಕ್ಯಾಪ್ಟನ್, ಹಿಂದಿನವ ಬಂದ, ಒತ್ತಿ ಒತ್ತಿ! ಬಜಪೆ ಇಳಿಯುವವರು ಬಾಗಿಲಿಗೆ ಬನ್ನಿ, ಸ್ಲೋ ಮಾಡ್ತಾರೆ, ಹಾರಿ! ರೈಟ್, ಪೋಯಿ, ಹೋಗುವ!"

ಚಪ್ಪಾಳೆ. ಹಿಂದಿನ ಸಾಲಿನಿಂದ ವಿಸಿಲ್ ಕೂಡ. ಹಮೀದಾಕ ಮಾತ್ರ ನಗಲಿಲ್ಲ.

ಬೆಂಗಳೂರಿನಲ್ಲಿ ವಿಮಾನ ಮೂಲೆಯಲ್ಲಿ ನಿಂತಿತು. ಮಳೆ ಬಿಟ್ಟ ಮೇಲೆ ವಾಪಸ್, ಅಲ್ಲಿಯವರೆಗೆ ಕೂತಲ್ಲೇ ಕೂರಿ ಎಂದರು. ಮೊಬೈಲ್ ಆನ್ ಮಾಡಿದ್ದೇ ತಡ, ಹಮೀದಾಕನ ಅಣ್ಣ ಇಬ್ರಾಹಿಂ ಅವರ ಫೋನ್. ನಿಕಾಹ್ ನಡೆಸುವ ಖತೀಬರಿಗೆ ಕಾರ್ಕಳದಲ್ಲಿ ಇನ್ನೊಂದು ನಿಕಾಹ್ ಉಂಟು, ಜನ ಬಂದು ಕೂತಿದ್ದಾರೆ, ನೀನು ಒಪ್ಪಿಗೆ ಕೊಟ್ಟರೆ ನಿನ್ನ ಬದಲಿಗೆ ನಾನು ಮದುಮಗನ ಕೈ ಹಿಡಿಯುತ್ತೇನೆ, ಎಂದರು.

ಹಮೀದಾಕ ಸ್ಪೀಕರ್ ಹಾಕಿದರು. ಖತೀಬರು ಕೇಳಿದರು. ಇವರು ನಿಧಾನವಾಗಿ, ಒಂದೊಂದೇ ಶಬ್ದ ಹೇಳಿದರು: "ನನ್ನ ಮಗಳು ಸಫ್ರೀನಾಳ ನಿಕಾಹ್ ಮಾಡಿಕೊಡಲು ನನ್ನ ಅಣ್ಣನಿಗೆ ನಾನು ಒಪ್ಪಿಗೆ ಕೊಟ್ಟಿದ್ದೇನೆ."

ಫೋನ್ ಕಟ್ಟಾದ ಮೇಲೆ ಅವರು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ಆಗಲೇ ಕ್ಯಾಪ್ಟನ್ ಹೊರಗೆ ಬಂದದ್ದು. ಹೆಂಗಸು. ನಮ್ಮ ಮಣಿಪಾಲದ ಕಾಲೇಜು ಲೆಕ್ಚರರ್ ಥರ ಕನ್ನಡಕ. (ಕೂಡಲೇ ಅಟೆಂಡೆನ್ಸ್ ಹಾಕಿಸಿಕೊಳ್ಳಬೇಕು ಅನ್ನಿಸಿತು.) ಹಮೀದಾಕ ಎದ್ದು ನಿಂತು, ದುಬೈ ಹಿಂದಿಯಲ್ಲಿ ಮಗಳ ನಿಕಾಹಿನ ವಿಷಯವನ್ನೆಲ್ಲ ಹೇಳಿ, ಕೊನೆಗೆ ಕೇಳಿದರು: "ರನ್‌ವೇ ಕಂಡರೂ ಯಾಕಮ್ಮ ಇಳಿಸಲಿಲ್ಲ?"

ಆಕೆ ಸಾರಿ ಹೇಳಿ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಸೀಟಿನ ಕೈಗೆ ಒರಗಿ ವಿವರಿಸಿದರು.

ಕೆಲವು ಮಳೆಮೋಡಗಳ ಹೊಟ್ಟೆಯಿಂದ ಗಾಳಿ ಬಕೆಟ್ ಮಗುಚಿದ ಹಾಗೆ ನೆಲಕ್ಕೆ ಸುರಿಯುತ್ತದಂತೆ. ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಇಳಿಯುವ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ, ರೆಕ್ಕೆ ಮೇಲೇಳುತ್ತದೆ. ಪೈಲಟ್ ವೇಗ ಹೆಚ್ಚಾಯಿತೆಂದು ಇಂಜಿನ್ ತಗ್ಗಿಸುತ್ತಾನೆ. ಮರುಕ್ಷಣ ಅದೇ ಗಾಳಿ ತಲೆಯ ಮೇಲಿಂದ ಒತ್ತುತ್ತದೆ, ಆಮೇಲೆ ಬೆನ್ನ ಹಿಂದಿನಿಂದ ಬರುತ್ತದೆ. ವೇಗ ಇಲ್ಲ, ಎತ್ತರ ಇಲ್ಲ. ಹಲವು ದಶಕಗಳ ಹಿಂದೆ ಅಮೆರಿಕದಲ್ಲಿ ಒಂದು ದೊಡ್ಡ ವಿಮಾನ ಹೀಗೆಯೇ ರನ್‌ವೇಗಿಂತ ಮೊದಲೇ ನೆಲಕ್ಕೆ ಬಿತ್ತು. ಒಳಗಿದ್ದವರಲ್ಲಿ ಹೆಚ್ಚಿನವರು ಸತ್ತರು. ಅವರನ್ನು ಕರೆದೊಯ್ಯಲು ಬಂದವರು ಏರ್‌ಪೋರ್ಟಿನಲ್ಲಿ ಕಾಯುತ್ತಿದ್ದರು.

ಆಮೇಲೆ ಮಾಡಿದ್ದೇನು? ಇಲ್ಲಿ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಲ್ಲಿನ ವಿಜ್ಞಾನಿಗಳು ಒಂದು ವಿಮಾನಕ್ಕೆ ಯಂತ್ರಗಳನ್ನು ತುಂಬಿ, ಅಂಥದೇ ಗಾಳಿಯನ್ನು ಹುಡುಕಿಕೊಂಡು ಹೋಗಿ, ಬೇಕೆಂದೇ ಅದರೊಳಗೆ ಹಾರಿಸಿದರಂತೆ. ಮತ್ತೆ ಮತ್ತೆ! ನಾವು ಮಳೆಗೆ ಹೆದರಿ ಹಾಲು ತರಲು ತಂಗಿಯನ್ನು ಕಳಿಸುವವರು.

ಹಾಗೆ ಕಲಿತದ್ದರಿಂದ ವಿಮಾನದ ಮೂಗಿನಲ್ಲಿ ಆ ಗಾಳಿಯನ್ನು ಮುಂಚೆಯೇ ಕಾಣುವ ರೇಡಾರ್ ಬಂತು. ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ ಆ ಗಾಳಿಯದ್ದೇ ತರಬೇತಿ ಬಂತು. ಕಾಕ್‌ಪಿಟ್ಟಿಗೆ ಒಂದು ಧ್ವನಿ ಬಂತು.

"ಧ್ವನಿಯಾ? ಹೇಗಿರುತ್ತದೆ ಮೇಡಂ?" ನನ್ನ ಕಸುಬು ಕೇಳದೆ ಬಿಡುತ್ತದೆಯೇ?

ಆಕೆ ಹೇಳಿ ತೋರಿಸಿದರು. "ಗೋ ಅರೌಂಡ್. ವಿಂಡ್‌ಶಿಯರ್ ಅಹೆಡ್." ಮುಂದೆ ಆ ಗಾಳಿ ಉಂಟು, ಇಳಿಸಬೇಡ, ಮತ್ತೆ ಮೇಲೇರು, ಅಷ್ಟೇ. ಬೆಳಗ್ಗೆ ಬಂದದ್ದೂ ಅದೇ ಮಾತು.

ನಾನೂ ಹೇಳಿ ನೋಡಿದೆ. ಶಬ್ದ ಬಂತು, ಧ್ವನಿ ಬರಲಿಲ್ಲ. ನಾನು ರಾಜಕಾರಣಿಗಳನ್ನು ಮಾಡಿದ್ದೇನೆ, ಮೀನು ಮಾರುವ ಅಕ್ಕಂದಿರನ್ನು ಮಾಡಿದ್ದೇನೆ, ಕೆಟ್ಟ ಮಿಕ್ಸಿಯನ್ನೂ ಮಾಡಿದ್ದೇನೆ. ಆದರೆ ಸಾವು ಎದುರಿಗಿದೆ ಎಂದು ಹೇಳುವಾಗಲೂ ಒಂದಿಷ್ಟೂ ನಡುಗದ ಗಂಟಲನ್ನು ಎಲ್ಲಿಂದ ತರುವುದು? ಆ ಧ್ವನಿ ಹೆದರಬೇಕಾಗಿಲ್ಲ. ಅದರ ಪಾಲಿನ ಭಯವನ್ನೆಲ್ಲ ಎಂದೋ, ಯಾರೋ, ಆ ಬಿದ್ದ ವಿಮಾನದ ಕಿಟಕಿಯ ಪಕ್ಕ ಕೂತು ಪಟ್ಟು ಮುಗಿಸಿದ್ದಾರೆ.

"ಇಳಿಸದೆ ಬಂದದ್ದಕ್ಕೆ ನಿಮಗೆ ಬೈಯುವುದಿಲ್ಲವಾ?" ಹಮೀದಾಕ ಕೇಳಿದರು.

"ಹಿಂದೆ ಕಂಪನಿಯವರು ಕೇಳುತ್ತಿದ್ದರಂತೆ, ಯಾಕೆ ಇಂಧನ ಹಾಳು ಮಾಡಿದೆ ಅಂತ. ಈಗ ನಮ್ಮಲ್ಲಿ ಇಳಿಸದೆ ಬಂದ ಪೈಲಟ್‌ಗೆ ಶಿಕ್ಷೆ ಇಲ್ಲ." ಆಕೆ ನಕ್ಕರು. "ಪ್ಯಾಸೆಂಜರ್ಸ್ ಕೇಳುತ್ತಾರೆ."

ಹಮೀದಾಕ ಮೆಲ್ಲನೆ ಕೂತರು.

ಮಳೆ ಬಿಟ್ಟು, ಮಂಗಳೂರಿನಲ್ಲಿ ಇಳಿದು, ಕಾಪುವಿನ ಮದುವೆ ಹಾಲ್ ಮುಟ್ಟಿದಾಗ ಇಳಿಮಧ್ಯಾಹ್ನದ ಅಸರ್ ನಮಾಜಿನ ಹೊತ್ತು. (ನಾನೂ ಹೋಗಿದ್ದೆ. ದುಃಖದಲ್ಲಿ ಪಾಲುದಾರನಾಗಲು. ಬಿರಿಯಾನಿ ಇನ್ನೂ ಉಳಿದಿತ್ತು.) ಸಫ್ರೀನಾ ಕಾರು ಹತ್ತಿರಲಿಲ್ಲ. ಗಂಡನ ಮನೆಯವರು ಎಷ್ಟು ಕರೆದರೂ ಬಾಪ ಬಾರದೆ ಹೊರಡುವುದಿಲ್ಲ ಎಂದು ಕೂತಿದ್ದಳಂತೆ. ತಂದೆಯನ್ನು ಕಂಡು ಓಡಿ ಬಂದವಳು ಶರಟು ಹಿಡಿದು ನಿಂತಳು. ಹಿಂದಿನಿಂದ ಮದುಮಗ ಬಂದು ಬಲಗೈ ಚಾಚಿದ.

"ಮಾಮ, ನೀವೂ ಒಮ್ಮೆ ಹಿಡಿಯಿರಿ."

ಹಮೀದಾಕ ಹಿಡಿದರು. ಬಹಳ ಹೊತ್ತು ಬಿಡಲಿಲ್ಲ.

ಅಣ್ಣ ಇಬ್ರಾಹಿಂ ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಆ ಪೈಲಟಿಗೆ ಎಂತ ಆಗಿತ್ತು?"

"ಅವಳಿಗೆ ಎಂತವೂ ಆಗಲಿಲ್ಲ. ನನಗೂ ಎಂತವೂ ಆಗಲಿಲ್ಲ," ಎಂದರು ಹಮೀದಾಕ. "ಅದಕ್ಕೇ ಲೇಟ್."

ಸಂಜೆ ಮಣಿಪಾಲದ ನನ್ನ ರೂಮಿಗೆ ಹೋಗಲು ಕಾಪುವಿನಿಂದ ಉಡುಪಿ ಬಸ್ ಹತ್ತಿದೆ. ಕಟಪಾಡಿ ಬರುವಾಗ ಮತ್ತೆ ಮಳೆ. ಎದುರಿನ ಗಾಜಿನಲ್ಲಿ ರಸ್ತೆಯೇ ಇಲ್ಲ. ಡ್ರೈವರಣ್ಣ ಸ್ವಲ್ಪ ನಿಧಾನಿಸಿದ. ಕೂಡಲೇ ಕಂಡಕ್ಟರ್ ನನ್ನ ಐಟಂನ ಡೈಲಾಗನ್ನು ನನ್ನೆದುರೇ ಕದ್ದ: "ಹಿಂದಿನವ ಬಂದ, ಒತ್ತಿ ಒತ್ತಿ!"

ನನಗೇನಾಯಿತೋ. ಹಿಂದಿನ ಸೀಟಿನಿಂದ, ಆ ಕಾಕ್‌ಪಿಟ್ಟಿನ ಧ್ವನಿಗೆ ಆದಷ್ಟು ಹತ್ತಿರದ ಗಂಟಲಿನಲ್ಲಿ ಹೇಳಿದೆ: "ನಿಧಾನ ಹೋಗಿ. ಟೈಮ್ ಉಂಟು. ನಿಧಾನ ಹೋಗಿ. ಟೈಮ್ ಉಂಟು."

ಬಸ್ಸಿಡೀ ನಕ್ಕಿತು. ಡ್ರೈವರಣ್ಣ ಕನ್ನಡಿಯಲ್ಲಿ ಹಿಂದೆ ನೋಡಿದ, ಪಾಪ, ಆಸೆಯಿಂದಲೇ.

"ಯಾರಿಗೆ ಮಾರಾಯ್ರೆ ಟೈಮ್ ಇರುವುದು? ಕೈ ಎತ್ತಿ, ನೋಡುವ!" ಎಂದು ಕಂಡಕ್ಟರ್ ಕೂಗಿದ.

ನಾನು ಎತ್ತಿದೆ. ನನ್ನದೊಂದೇ ಕೈ. ನೀವಿದ್ದಿದ್ದರೆ ಎತ್ತುತ್ತಿದ್ದಿರಾ?