ಎರಡೂ ಎಡದ ತೋಳು

ನಮ್ಮ ಭಾವ ಬೊಂಬೆಯ ಸೊಂಟಕ್ಕೆ ಟೇಪು ಸುತ್ತಿ, "ಸ್ವಲ್ಪ ಉಸಿರು ಬಿಡಿ ಸಾರ್, ಹೊಟ್ಟೆ ಬಿಗಿ ಹಿಡ್ಕೋಬೇಡಿ" ಎಂದರು.

ಅಳತೆ ಕೊಡಲು ಬಂದಿದ್ದ ಬ್ಯಾಂಕ್ ಮ್ಯಾನೇಜರು ಅವರ ಬೆನ್ನ ಹಿಂದೆಯೇ ಎರಡೂ ಕೈ ಅಗಲಿಸಿಕೊಂಡು ನಿಂತಿದ್ದರು. ಅಂಗಡಿಯ ಹೊಲಿಗೆ ಯಂತ್ರಗಳೆಲ್ಲ ಒಂದೇ ಸಲಕ್ಕೆ ನಿಂತವು. ಬೊಂಬೆ ಉಸಿರು ಬಿಡಲಿಲ್ಲ. ಭಾವ ಒಂದು ಗಳಿಗೆ ಕಾದು, "ಪರವಾಗಿಲ್ಲ, ಒಂದಿಂಚು ಸಡಿಲ ಬಿಡ್ತೀನಿ" ಎಂದು ಚೀಟಿಯಲ್ಲಿ ಬರೆದುಕೊಂಡರು. ಗಿರಾಕಿಗೆ ತಲೆಯೇ ಇಲ್ಲವೆಂಬುದು ಕಣ್ಣಿಗೆ ಬಿದ್ದದ್ದು ಆಮೇಲೆ. "ಕ್ಷಮಿಸಿ ಸಾರ್" ಎಂದರು. ಅದನ್ನೂ ಬೊಂಬೆಗೇ ಹೇಳಿದರು.

"ಇಬ್ಬರಲ್ಲಿ ತಲೆ ಇಲ್ಲದಿದ್ದದ್ದು ಯಾರಿಗೋ!" ಎಂದು ಸಂಜೆ ನಮ್ಮಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಆ ವಾರದಲ್ಲಿ ಅದು ಮೂರನೆಯ ಎಡವಟ್ಟು.

ಭಾವ ಆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಟಿಂಗ್ ಮಾಸ್ಟರ್. ಕೋಟು ಹೊಲಿಯುವ ಅಂಗಡಿ. ಐದು ಜನ ಕೂತು ಹೊಲಿಯುತ್ತಾರೆ, ಕತ್ತರಿಸುವವರು ಒಬ್ಬರೇ, ಅದೂ ನಿಂತುಕೊಂಡು. ಎತ್ತರದ ಉದ್ದ ಮೇಜು, ಸೀಮೆಸುಣ್ಣದ ಚೂರು, ಮರದ ಸ್ಕೇಲು, ಮೊಳದುದ್ದದ ಕತ್ತರಿ. ಆ ಕತ್ತರಿಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅದರಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ. ಗೊತ್ತಿಲ್ಲದೆ ನಾನೊಮ್ಮೆ ಕತ್ತರಿಸಿದ್ದೆ. ಅದಾದ ಮೇಲೆ ಅವರು ಕತ್ತರಿಸಿಕೊಟ್ಟ ನನ್ನ ಪ್ಯಾಂಟುಗಳೆಲ್ಲ ಒಂದು ವರ್ಷ ಕಣಕಾಲು ದಾಟಲಿಲ್ಲ.

ಉಣ್ಣೆ ಬಟ್ಟೆ ಹರವಿದಾಗೆಲ್ಲ ಕಣ್ಣಿಗೆ ಕಾಣದಂಥ ಎಳೆಪುಡಿ ಏಳುತ್ತದೆ. ಇಪ್ಪತ್ತು ವರ್ಷ ಅದನ್ನು ಕುಡಿದು ಸುಮ್ಮನಿದ್ದ ಮೂಗು ಇಪ್ಪತ್ತೊಂದನೆಯ ವರ್ಷ ತಕರಾರು ತೆಗೆಯಿತು. ಒಂದಲ್ಲ ಎರಡಲ್ಲ, ಸಾಲಾಗಿ ಹದಿನೈದು ಸೀನು. ಬೇರೆಯವರು ಸೀನಿದರೆ ಕರ್ಚೀಫು ಒದ್ದೆಯಾಗುತ್ತದೆ, ಅಷ್ಟೆ. ಕಟಿಂಗ್ ಮಾಸ್ಟರ್ ಸೀನಿದರೆ ಯಾರದೋ ಕೋಟಿಗೆ ಕೇಳದೆಯೇ ಇನ್ನೊಂದು ಜೇಬು ಬರುತ್ತದೆ.

ಡಾಕ್ಟರು ಅಲರ್ಜಿ ಎಂದರು, ಮಾತ್ರೆ ಕೊಟ್ಟರು. ಆದರೆ ಆ ಮಾತ್ರೆ ನಿಲ್ಲಿಸಿದ್ದು ಸೀನನ್ನು ಮಾತ್ರ ಅಲ್ಲ. ಟೇಪು ಹಿಡಿದು "ಮೂವತ್ತೆಂಟು" ಎಂದು ಬಾಯಿ ಹೇಳುತ್ತಿತ್ತು. ಪೆನ್ಸಿಲು ಕೈಗೆ ಬರುವಷ್ಟರಲ್ಲಿ ಮೂವತ್ತೆಂಟು ಎದ್ದು ಹೋಗಿರುತ್ತಿತ್ತು. ಕತ್ತರಿ ಎನ್ನುವ ಮಾತೇ ಸಿಗದೆ, "ಅದೇ... ಬಾಯಿ ಬಿಡುತ್ತಲ್ಲ, ಅದು ಕೊಡಿ" ಎಂದು ಕೇಳಿದ್ದರಂತೆ. ಹೊಲಿಯುವವರಲ್ಲಿ ಬಾಯಿಬಡುಕನೊಬ್ಬ ಎದ್ದುಬಂದು, "ನಾನೇನು ಮಾಡ್ಲಿ ಮಾಸ್ಟರ್?" ಎಂದನಂತೆ.

"ಹೇಗಿರುತ್ತೆ ಭಾವ? ತಲೆನೋವಾ?" ಎಂದು ನಾನೊಮ್ಮೆ ಕೇಳಿದೆ.

"ನೋವಾಗಿದ್ರೆ ಹೇಳ್ಕೋಬಹುದಿತ್ತಪ್ಪ" ಎಂದರು. ಊಟದ ತಟ್ಟೆ ಮುಂದಿತ್ತು, ಕೈ ಮಡಿಲಲ್ಲಿತ್ತು. "ಹಳೇ ಕೋಟಿನ ತೋಳಲ್ಲಿ ಲೈನಿಂಗ್ ಹರಿದಿರುತ್ತೆ ನೋಡು. ಕೈ ಹಾಕಿದ್ರೆ ಬಟ್ಟೆಗೂ ಲೈನಿಂಗಿಗೂ ಮಧ್ಯೆ ಸಿಕ್ಕೊಳ್ಳುತ್ತೆ. ತೂರಿಸ್ತಾನೇ ಇರ್ತೀಯ, ತುದಿ ಸಿಗಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಹಾಗೇ."

ಬಿಳಿ ಮಾತ್ರೆ ಹೋಗಿ ಹಳದಿ ಬಂತು, ಹಳದಿ ಹೋಗಿ ಗುಲಾಬಿ ಬಂತು. ಗುಲಾಬಿಗೆ ಮಂಪರು ಬರಲಿಲ್ಲ. ಸೀನೂ ನಿಲ್ಲಲಿಲ್ಲ. ಮತ್ತೆ ಹಳದಿ. "ಅದು ಅಡ್ಡ ಪರಿಣಾಮ, ಕೆಲವರಿಗೆ ಆಗುತ್ತೆ" ಎಂದರು ಡಾಕ್ಟರು.

"ಬಟ್ಟೇಲಿ ಅಡ್ಡ ಇದ್ಮೇಲೆ ಉದ್ದಾನೂ ಇರುತ್ತೆ ಡಾಕ್ಟ್ರೇ. ಈ ಉದ್ದ ಪರಿಣಾಮ ಯಾವಾಗ ಶುರುವಾಗುತ್ತೆ?"

ಡಾಕ್ಟರು ನಗಲಿಲ್ಲ. "ಉಣ್ಣೆಯಿಂದ ದೂರ ಇರಿ" ಎಂದು ಬರೆದುಕೊಟ್ಟರು. ಆ ಚೀಟಿ ಭಾವನ ಉಣ್ಣೆ ಕೋಟಿನ ಜೇಬಿನಲ್ಲೇ ಉಳಿಯಿತು.

ಮ್ಯಾನೇಜರ ಕೋಟು ಕತ್ತರಿಸಿದ್ದು ಬೊಂಬೆಯ ಪ್ರಸಂಗದ ಮಾರನೆಯ ದಿನ. ಬಟ್ಟೆಗೆ ಹೊರಮೈ, ಒಳಮೈ ಎಂದು ಎರಡಿರುತ್ತವೆ. ಹೊರಮೈಗಳು ಒಂದಕ್ಕೊಂದು ಮುಖ ಮಾಡುವ ಹಾಗೆ ಮಡಿಸಿ ಕತ್ತರಿಸಿದರೆ ಒಂದು ಎಡತೋಳು, ಒಂದು ಬಲತೋಳು ಸಿಗುತ್ತದೆ. ಎರಡು ತುಂಡನ್ನೂ ಮುಖ ಮೇಲೆ ಮಾಡಿ ಒಂದರ ಮೇಲೊಂದು ಹಾಸಿದರೆ ಎರಡೂ ಒಂದೇ ಕಡೆಯವಾಗುತ್ತವೆ. ಕೆಲಸ ಕಲಿಯುವವರು ಮೊದಲ ವಾರ ಒಮ್ಮೆ ಮಾಡಿ, ಬೈಸಿಕೊಂಡು, ಜನ್ಮದಲ್ಲಿ ಮತ್ತೆ ಮಾಡದ ತಪ್ಪು ಅದು. ತೋಳು ಕೂಡಿಸುವವನು ಎರಡನ್ನೂ ತಂದು ಮೇಜಿನ ಮೇಲಿಟ್ಟ. ಎರಡೂ ಎಡದವೇ. ಎದುರುಬದುರು ನಿಲ್ಲಬೇಕಾದವು ಬಸ್ಸಿಗೆ ಕಾಯುವವರ ಹಾಗೆ ಒಂದೇ ದಿಕ್ಕಿಗೆ ನೋಡುತ್ತಿದ್ದವು. ಆ ಬಟ್ಟೆ ಮತ್ತೆ ಒಂದು ಗೇಣೂ ಉಳಿದಿರಲಿಲ್ಲ.

ಯಜಮಾನರು ಕೂಗಾಡುವವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಮಾಸ್ಟರ್, ಶುಕ್ರವಾರ ಹಾಡುಗಾರರ ತಂಡದ ಹನ್ನೆರಡು ಕೋಟು ಕತ್ತರಿಸಬೇಕು. ಅದೂ ಹೀಗಾದ್ರೆ ಕತ್ತರಿ ಬೇರೆಯವರ ಕೈಗೆ ಕೊಡ್ಬೇಕಾಗುತ್ತೆ. ಕಾಜಾ-ಗುಂಡಿ ಮೂಲೆ ಖಾಲಿ ಇದೆ, ನಿಮ್ಮನ್ನ ಮನೆಗೇನೂ ಕಳಿಸಲ್ಲ."

ಕಿಟಕಿ ಪಕ್ಕದ ಆ ಮೂಲೆಯಲ್ಲಿ ಇಷ್ಟು ದಿನ ಒಬ್ಬ ಅಜ್ಜಿ ಕೂತು ಗುಂಡಿ ಹೊಲಿಯುತ್ತಿದ್ದರು. ಕಳೆದ ತಿಂಗಳು ಮಗಳ ಮನೆಗೆ ಹೋದರು. ಕಟಿಂಗ್ ಮಾಸ್ಟರನ್ನು ಅಲ್ಲಿಗೆ ಹಾಕುವುದೆಂದರೆ ಹೆಡ್‌ಮಾಸ್ಟರನ್ನು ಗಂಟೆ ಹೊಡೆಯಲು ನಿಲ್ಲಿಸಿದ ಹಾಗೆ.

"ಗುಂಡಿನಾ?" ಅಕ್ಕ ಕೆಂಡವಾದಳು. "ಗುಂಡಿ ನಾನೇ ಹೊಲೀತೀನಿ ಮನೇಲಿ! ನಮ್ಮಪ್ಪ ನನ್ನ ಕೊಟ್ಟಿದ್ದು ಕಟಿಂಗ್ ಮಾಸ್ಟರಿಗೆ ಕಣ್ರೀ! ಶುಕ್ರವಾರ ಒಂದಿನ ಮಾತ್ರೆ ಬಿಟ್ಬಿಡಿ."

"ಬಿಟ್ರೆ ಸೀನು ಬರುತ್ತೆ ಕಣೇ. ಕೈ ನಿಲ್ಲಲ್ಲ."

"ಹಾಗಾದ್ರೆ ಅರ್ಧ ನುಂಗಿ."

"ಅರ್ಧ ನುಂಗಿದ್ರೆ ಅರ್ಧ ತಲೆ, ಅರ್ಧ ಸೀನು. ಬರ್ತೀನಿ ಬರ್ತೀನಿ ಅಂತ ಬರದೇ ಇರೋ ಸೀನು ಎಷ್ಟು ಹಿಂಸೆ ಗೊತ್ತಾ ನಿಂಗೆ?"

ಕೊನೆಗೆ ಶುಕ್ರವಾರ ಪೂರ್ತಿ ನುಂಗಿದರು. ನನಗೆ ಅಂದು ರಜೆ. "ನೀನು ಜೊತೆಗಿರೋ, ಕಣ್ಣು ಅಂತ ನಿನಗಾದ್ರೂ ಇದೆ" ಎಂದು ಅಕ್ಕ ನನ್ನನ್ನು ಕಳಿಸಿದಳು.

ಮೊದಲಾಗಿದ್ದರೆ ಊಟದ ಹೊತ್ತಿಗೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಕೆಲಸ ಅದು. ಅವತ್ತು ಭಾವ ಪ್ರತಿ ತುಂಡಿನ ಒಳಮೈಗೂ ಸೀಮೆಸುಣ್ಣದಲ್ಲಿ ಕಾಟು ಹಾಕಿದರು. ಕಾಟು ಹಾಕಿದ್ದು ಒಳಮೈಗೋ ಹೊರಮೈಗೋ ಎಂದು ಮಡಚಿ ನೋಡಿದರು. ಬಟ್ಟೆ ಹಾಸಿದ ಮೇಲೆ ಅದರ ಮೇಲೆ ತಮ್ಮದೇ ಕೈ ಉದ್ದಕ್ಕೆ ಚಾಚಿ ಮಲಗಿಸಿದರು.

"ಇದು ಯಾವ ಕೈ?"

"ಎಡಗೈ ಭಾವ."

"ಖಾತ್ರಿನಾ?"

"ವಾಚ್ ಕಟ್ಟಿದ್ದೀರಲ್ಲ."

"ಬೆಳಿಗ್ಗೆ ಕಟ್ಟಿದ್ದು ನಾನೇ ಕಣಪ್ಪ. ಅದನ್ನ ಹೇಗೆ ನಂಬೋದು?"

ಹೊಲಿಯುವವರು ಕಿಸಕ್ಕನೆ ನಕ್ಕರು. ಭಾವ ನಗಲಿಲ್ಲ. ಹನ್ನೆರಡು ಕೋಟು, ಇಪ್ಪತ್ತನಾಲ್ಕು ತೋಳು, ಪ್ರತಿಯೊಂದಕ್ಕೂ ಅದೇ ಪ್ರಶ್ನೆ, ಅದೇ ಉತ್ತರ. ನಡುವೆ ಒಮ್ಮೆ ಕತ್ತರಿ ಬಟ್ಟೆಯಲ್ಲೇ ನಿಂತಿತು. ಅವರು ಕಣ್ಣು ಮುಚ್ಚಿಕೊಂಡು, ಹಣೆಯನ್ನು ಮೇಜಿನ ಅಂಚಿಗೆ ಒತ್ತಿಕೊಂಡು, ಎಷ್ಟೋ ಹೊತ್ತು ಹಾಗೇ ಇದ್ದರು. ಆಮೇಲೆ ತಲೆ ಎತ್ತಿ, "ಎಷ್ಟನೇದು?" ಎಂದರು. "ಏಳನೇದು" ಎಂದೆ. "ಇನ್ನೂ ಏಳಾ" ಎಂದು ಕತ್ತರಿ ಆಡಿಸಿದರು.

ಮುಗಿದಾಗ ಬೀದಿಯ ದೀಪ ಹತ್ತಿತ್ತು. ಯಜಮಾನರು ತೋಳುಗಳನ್ನು ಜೋಡಿಜೋಡಿಯಾಗಿ ಮೇಜಿನ ಮೇಲೆ ಹರಡಿದರು. ಹನ್ನೆರಡು ಎಡ, ಹನ್ನೆರಡು ಬಲ. ಎಲ್ಲವೂ ಒಂದಕ್ಕೊಂದು ಮುಖ ಕೊಟ್ಟು ಮಲಗಿದ್ದವು. ತೋಳು ಕೂಡಿಸುವವನು ಮೆಲ್ಲಗೆ ಸಿಳ್ಳೆ ಹೊಡೆದ. ಏನಾಯಿತೆಂದು ಕೇಳಿಕೊಂಡು ಹೋಗಲು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾನು ಹೇಳಲಿಲ್ವಾ!" ಎಂದಳು. ಏನು ಹೇಳಿದ್ದಳೋ, ಯಾರೂ ಕೇಳಲಿಲ್ಲ.

ಯಜಮಾನರು ಕತ್ತರಿಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಭಾವನ ಮುಂದೆ ಹಿಡಿದರು. "ನಾನು ಆಡಿದ ಮಾತು ಮರೆತುಬಿಡಿ ಮಾಸ್ಟರ್. ಈ ಮೇಜು ನಿಮ್ಮದೇ. ಸೋಮವಾರ ಒಂದು ಮದುಮಗನ ಸೂಟಿದೆ. ಏನಂತೀರಿ?"

ಹೊಲಿಗೆ ಯಂತ್ರಗಳೆಲ್ಲ ಮತ್ತೆ ನಿಂತವು. ಭಾವ ಕತ್ತರಿಯನ್ನು ನೋಡಿದರು, ನಿಂತು ನಿಂತು ಊದಿದ ತಮ್ಮ ಕಾಲುಗಳನ್ನು ನೋಡಿದರು, ಕಿಟಕಿಯ ಕಡೆ ನೋಡಿದರು.

"ಯಜಮಾನ್ರೇ, ಆ ಗುಂಡಿ ಅಜ್ಜಿ ಕೂರ್ತಿದ್ದ ಕುರ್ಚಿ ಇದೆಯಲ್ಲ" ಎಂದರು, "ಅದರ ದಿಂಬು ಅಲ್ಲೇ ಇದೆಯಾ, ಇಲ್ಲಾ ಅವರು ತಗೊಂಡು ಹೋದ್ರಾ?"