ನಳಿಗೆಯೊಳಗಿನ ಹತ್ತಿ

ರೋಶನ್, ನಿನ್ನ ರೈಫಲ್ಲಿನ ಹೊಸ ನಳಿಗೆ ಸೀಳಿದ್ದು ನನ್ನಿಂದ. ಲಿಮ್‌ನಿಂದ ಅಲ್ಲ.

ತೊಂಬತ್ತರ ದಶಕದ ಕೊನೆ. ಮಲೇಷ್ಯಾದ ಪುತ್ರಜಯಾದಲ್ಲಿ ಕಟ್ಟಡಗಳು ಏಳುತ್ತಿದ್ದವು, ನಾನು ಅಲ್ಲಿ ಎಂಜಿನಿಯರ್. ನೀನು ನಿಲಾಯ್ ಬಳಿಯ ತಾಳೆ ತೋಟದ ಮ್ಯಾನೇಜರ್. ಕಾಡುಹಂದಿಗಳು ಎಳೆಯ ತಾಳೆಗಳ ಸುಳಿಯನ್ನೇ ತಿಂದು ಹಾಕುತ್ತಿದ್ದವು, ನಿನ್ನ ಹಳೆಯ ರೈಫಲ್ಲಿನ ನಳಿಗೆಯೋ ತುಕ್ಕು ಹಿಡಿದು ಗುರಿ ತಪ್ಪುತ್ತಿತ್ತು. ಸೆರೆಂಬಾನ್‌ನ ಬಂದೂಕು ರಿಪೇರಿಯ ಮುದುಕ ಲಿಮ್ ಹೊಸ ನಳಿಗೆ ಕೂರಿಸಿ, ನಿನ್ನೆದುರೇ ಗುಂಡು ಹಾರಿಸಿ ನೋಡಿ ಕೊಟ್ಟ. ಅಲ್ಲಿಂದ ನೀನು ನೇರ ನಮ್ಮ ಮನೆಗೆ ಬಂದೆ. ಅಂದು ಆಯುಧಪೂಜೆ.

"ನಿಮ್ಮ ಚಾಮುಂಡಿ ನಮ್ಮ ಕ್ರಿಸ್ತಾನ ಪೊರ್ಬುಗಳ ಕೋವಿಗೂ ಆಶೀರ್ವಾದ ಮಾಡ್ತಾಳಾ ನೋಡುವ ಮಾರಾಯ," ಎಂದು ಅದನ್ನು ಪೂಜೆಗಿಟ್ಟಿದ್ದ ಮಿಕ್ಸಿಯ ಪಕ್ಕ ಇಟ್ಟು, ಪಾಯಸದ ವಾಸನೆ ಹಿಡಿದು ಅಡುಗೆಮನೆಗೆ ಹೋದವನು ನೀನು.

ನಾನು ಕುಂಕುಮ ಇಟ್ಟೆ. ನಳಿಗೆಯ ಬಾಯಿಗೆ ಸೇವಂತಿಗೆ ಸಿಕ್ಕಿಸಿದರೆ — ನಿಲ್ಲಲಿಲ್ಲ. ಗೆಜ್ಜೆವಸ್ತ್ರದ ಹತ್ತಿಯನ್ನು ಗಂಧದಲ್ಲಿ ಅದ್ದಿ ಒಳಗೆ ತುರುಕಿದೆ, ಹೂ ನಿಂತಿತು. ನೀನು ಹೊರಡುವಾಗ ಹೂವನ್ನಷ್ಟೇ ಕಿತ್ತೆ. ಹತ್ತಿ — ನೆನಪೇ ಆಗಲಿಲ್ಲ. ಗಂಧ ಒಣಗಿದರೆ ಕಲ್ಲಾಗುತ್ತದೆಂದು ಗೊತ್ತಿರದವನೇನೂ ಅಲ್ಲ ನಾನು.

ಮರುದಿನ ಸಂಜೆ ತೋಟದಲ್ಲಿ ನಿನ್ನ ಹಿಂದೆಯೇ ನಿಂತಿದ್ದೆ. ಹಂದಿ ಪೊದೆಯಿಂದ ತಲೆ ಹಾಕಿತು, ನೀನು ಬಂದೂಕಿನ ಕುದುರೆ ಎಳೆದೆ. ಆ ಸದ್ದು — ಈಗಲೂ ಕುಕ್ಕರ್ ಕೂಗಿದರೆ ನನ್ನ ಹೆಗಲು ಮೇಲೇಳುತ್ತದೆ. ನಳಿಗೆಯ ತುದಿ ಸೀಳಿಹೋಗಿತ್ತು. ಒಂದು ಚೂರು ನಿನ್ನ ಟೋಪಿ ಹಾರಿಸಿಕೊಂಡು ಹಿಂದಿನ ತಾಳೆಗೆ ನಾಟಿತ್ತು. ನೀನು ಮುಖ ಮುಚ್ಚಿಕೊಂಡು ಮಂಡಿಯೂರಿದ್ದೆ. ಕಣ್ಣು ಹೋಯಿತು, ಜೀವವೇ ಹೋಯಿತು ಎಂದುಕೊಂಡೆ. ಆಗ ನೀನು ಬೈಯತೊಡಗಿದೆ, ಕೊಂಕಣಿಯಲ್ಲಿ, ಕನ್ನಡದಲ್ಲಿ, ಕೊನೆಗೆ ಮಲಯ್‌ನಲ್ಲಿ. ಆ ಬೈಗುಳ ಕೇಳಿ ನನಗೆ ಉಸಿರು ಬಂತು.

"ಪೂಜೆಯಲ್ಲಿ ಒಳಗೆ ಏನಾದ್ರೂ ಹಾಕಿದ್ಯಾ?"

"ಇಲ್ಲಪ್ಪ. ಹೊರಗೆ ಕುಂಕುಮ, ಅಷ್ಟೇ."

"ಹಾಗಾದ್ರೆ ಆ ಮುದುಕನೇ ಕೆಲಸ ಕೆಡಿಸಿದ್ದು."

ಸುತ್ತಲಿನ ತೋಟದವರೆಲ್ಲ ಲಿಮ್‌ನ ಅಂಗಡಿ ಬಿಟ್ಟರು. ಒಮ್ಮೆ ಮಾಮಾಕ್ ಚಹಾದಂಗಡಿಯಲ್ಲಿ ಅವನೇ ನಿನ್ನ ಮೇಜಿಗೆ ಬಂದ. "ನನ್ನ ಕೆಲಸದಲ್ಲಿ ತಪ್ಪಿಲ್ಲ ಲಾ, ಬಾಸ್," ಎಂದ, ಅಲ್ಲಿಯವರ ಆ ‘ಲಾ’ ಸೇರಿಸಿ. ನೀನು ಮುಖ ತಿರುಗಿಸಿದೆ. ನಾನು ಪಕ್ಕದಲ್ಲೇ ಕೂತು ಚಹಾದ ಕೆನೆ ತೆಗೆಯುತ್ತಿದ್ದೆ.

ನಿನ್ನೆ, ಇಷ್ಟು ವರ್ಷಗಳ ಮೇಲೆ, ಲಿಮ್ನ ಅಂಗಡಿಗೆ ಫೋನ್ ಮಾಡಿದೆ. ಎತ್ತಿದ್ದು ಅವನೇ. "ಯಾರು? ಮಾತಾಡಿ ಲಾ." ಬದುಕಿದ್ದಾನೆ, ರೋಶನ್! ಅಂದು ತೋಟದಲ್ಲಿ ಬಂದ ಉಸಿರೇ ಮತ್ತೆ ಬಂತು. ಹೆಸರು ಹೇಳಿ, ನಾಳೆ ಬರುತ್ತೇನೆ ಎಂದೆ.

"ಬಂದೂಕು ರಿಪೇರಿಯಾ?"

"ಅಲ್ಲ," ಎಂದೆ.

ಈ ಪತ್ರ ನಿನಗೆ ತಲುಪುವಷ್ಟರಲ್ಲಿ ಅವನಿಗೆ ಹತ್ತಿಯ ವಿಷಯ ಹೇಳಿರುತ್ತೇನೆ. ಆ ತೋಟಗಳಲ್ಲಿ ಹಳಬರು ಯಾರು ಉಳಿದಿದ್ದರೂ, ಅವರಿಗೂ.