ಚರ್ಚಿಗೆ ಬೀಗ ಬಿದ್ದಾಗ

ಹೋದ ವಾರ ಡೇರಿಗೆ ಹಾಲು ಹಾಕಲು ನಿಂತಿದ್ದೆ. ಮುಂದಿದ್ದ ಹಿರಿಯರೊಬ್ಬರಿಗೆ ನೆಗಡಿ. ಅವರ ಮಫ್ಲರಿನಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಸದಾ ಅದೇ ವಾಸನೆ ಸೂಸುತ್ತಿದ್ದ ನಮ್ಮ ಪಕ್ಕದ ಮನೆಯ ನರ್ಸಮ್ಮನೇ ಬಂದು ನಿಂತ ಹಾಗಾಯಿತು...

ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಅವರು ಕೈಲಾಂಚದ ಪಕ್ಕದ ನಮ್ಮೂರಲ್ಲಿ ನೆಲೆಸಿದ್ದರು. ಊರಿನಲ್ಲಿ ಒಂದು ಪುಟ್ಟ ಪ್ರೆಸ್ಬಿಟೇರಿಯನ್ ಚರ್ಚು. ಅಲ್ಲಿ ಬಿಷಪ್ ಅಂತ ಯಾರೂ ಇಲ್ಲ. ಚರ್ಚಿನ ಆಡಳಿತ ನೋಡುವ ಹಿರಿಯರನ್ನೂ, ಪಾದ್ರಿಯಾದ ಅಯ್ಯನವರನ್ನೂ ಸಭೆಯವರೇ ಕೈ ಎತ್ತಿ ಆರಿಸುತ್ತಾರೆ. ನರ್ಸಮ್ಮ ಆ ಹಿರಿಯರಲ್ಲಿ ಒಬ್ಬರು. ನಾವು ಒಕ್ಕಲು ಮನೆಯವರು, ಹಿಂದೂಗಳು. ಆದರೂ ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಹಣೆ ಮುಟ್ಟುತ್ತಿದ್ದದ್ದು ಅವರ ಕೈ.

ಒಮ್ಮೆ ಹೊಸ ಅಯ್ಯನವರ ಆಯ್ಕೆ ನಡೆಯಿತು. ಸೋತ ಗುಂಪು ಒಬ್ಬ ಪುಢಾರಿಯನ್ನು ಹಿಡಿದು ಸರ್ಕಾರಿ ಕಚೇರಿಗೆ ಹೋಯಿತು. ಗಲಾಟೆಯಾಗುತ್ತದೆಂದು ಅಧಿಕಾರಿ ಬಂದು ಚರ್ಚಿಗೆ ಬೀಗ ಹಾಕಿಸಿದರು. ಅಯ್ಯನವರನ್ನು ಇನ್ನು ತಾವೇ ನೇಮಿಸುವುದಾಗಿಯೂ ಹೇಳಿದರು.

ನರ್ಸಮ್ಮ ದನಿ ಏರಿಸಲಿಲ್ಲ. “ಸ್ವಾಮಿ, ಕಟ್ಟಡ ಸರಿ ಇಲ್ದಿದ್ರೆ ನೋಟಿಸ್ ಕೊಡಿ, ಮೈಕ್ ಜೋರಾದ್ರೆ ಆಫ್ ಮಾಡ್ಸಿ. ನಾನೂ ಸರ್ಕಾರದ ಅನ್ನ ತಿಂದೋಳೇ. ಆದ್ರೆ ನಮ್ಗೆ ದೇವ್ರ ವಾಕ್ಯ ಹೇಳೋರು ಯಾರು ಅನ್ನೋದು ನಿಮ್ಮ ಕಚೇರಿ ಕೆಲ್ಸ ಅಲ್ಲ.”

ಅಧಿಕಾರಿ ಹೊರಟ ಕೂಡಲೇ ಸಭೆಯ ಹುಡುಗರು ಬೀಗ ಒಡೆಯಲು ಎದ್ದರು. ನರ್ಸಮ್ಮ ಬಾಗಿಲಿಗೆ ಅಡ್ಡ ನಿಂತರು. “ಯಾರೂ ಕೈ ಹಾಕ್ಬ್ಯಾಡ್ರಪ್ಪಾ. ಕೋರ್ಟಿಗೆ ಹೋಗಾನ. ಆ ಕಾನೂನು ನಮ್ದೂ ಹೌದು.”

ಅಲ್ಲಿಯವರೆಗೆ ಆರಾಧನೆ ಎಲ್ಲಿ? ನಮ್ಮಪ್ಪ ಹೋಗಿ ಕರೆದರು: “ನಮ್ಮ ಹುಳದ ಮನೆ ಖಾಲಿ ಐತೆ, ಬನ್ನಿ ನರ್ಸಮ್ಮ. ಹುಳು ಒಸಿ ತಡವಾಗಿ ತಂದ್ರಾಯ್ತು.” ರೇಷ್ಮೆ ಹುಳು ಸಾಕುವ ಆ ಶೆಡ್ಡಿನಲ್ಲಿ ಭಾನುವಾರ ಹಾಡು ಕೇಳತೊಡಗಿತು. “ಏನ್ಲಾ, ರೇಷ್ಮೆ ಬುಟ್ಟು ಪ್ರಾರ್ಥನೆ ಬೆಳೀತಿದ್ದೀಯಾ?” ಎಂದು ನೆಂಟರು ಆಡಿಕೊಂಡರು. ಅಪ್ಪ ನಕ್ಕರು. ಆ ಸಲದ ಬೆಳೆಯನ್ನೇ ಬಿಟ್ಟರು.

ರಾಮನಗರದ ಕೋರ್ಟಿಗೆ ನರ್ಸಮ್ಮನನ್ನು ಬೈಕಿನಲ್ಲಿ ಕರೆದೊಯ್ಯುತ್ತಿದ್ದವನು ನಾನು. ಸರ್ಕಾರಿ ವಕೀಲರು ಕೊಂಕಾಗಿ ಕೇಳಿದರು: “ನಿಮ್ಮ ಕಡೆಯವರು ಗೆದ್ದಿದ್ದಾರೆ, ಅದಕ್ಕೇ ಈ ಹೋರಾಟ. ಅಲ್ವೇನಮ್ಮಾ?”

“ಇಲ್ಲ ಸ್ವಾಮಿ. ನಾನು ಕೈ ಎತ್ತಿದ್ದು ಸೋತವನಿಗೆ. ಅವನು ನನ್ನ ತಂಗಿ ಮಗ.”

ವಕೀಲರು ತಡವರಿಸಿದರು. “ಮತ್ತೆ... ಯಾಕೆ?”

“ನಮ್ಮೋನು ಸೋತ ಅಂತ ಸಭೆ ಮಾತು ಮೀರಕ್ಕಾಯ್ತದಾ?”

ಅವರ ಹಿಂದೆ ನಿಂತಿದ್ದ ನನಗೆ ಎದೆ ಉಬ್ಬಿಬಂತು. ಆದರೆ ವಾಪಸು ಬರುವಾಗ ಬೈಕಿನ ಹಿಂದಿನಿಂದ ಮೆಲ್ಲಗೆ ಅಂದರು, “ತಂಗಿ ಇನ್ನು ನಮ್ಮನೆ ಬಾಗ್ಲಿಗೆ ಬರಾಕಿಲ್ಲ ಕಣಪ್ಪ.” ಬರಲೂ ಇಲ್ಲ.

ಶಾಂತಿ ಕಾಯುವುದು ಸರ್ಕಾರದ ಕೆಲಸ, ಅಯ್ಯನವರನ್ನು ಆರಿಸುವುದು ಸಭೆಯ ಹಕ್ಕು ಎಂದು ತೀರ್ಪಾಯಿತು. ಬೀಗ ತೆಗೆದರು. ಮುಂದೆ ನರ್ಸಮ್ಮ ತೀರಿಕೊಂಡಾಗ ಮಣ್ಣು ಮಾಡಿಸಿದ್ದು, ಅವರು ಯಾರಿಗೆ ಕೈ ಎತ್ತಿರಲಿಲ್ಲವೋ ಅದೇ ಅಯ್ಯನವರು. ಪ್ರಾರ್ಥನೆ ಮುಗಿಸಿ ಮೊದಲ ಹಿಡಿ ಮಣ್ಣು ಹಾಕಿದ್ದೂ ಅವರೇ.

ಮೊನ್ನೆ ಭಾನುವಾರ ಸಭೆ ಮತ್ತೊಬ್ಬ ಅಯ್ಯನವರನ್ನು ಆರಿಸಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೈಗಳು ಎದ್ದವು, ಇಳಿದವು. ಸೋತವರೂ ಚಪ್ಪಾಳೆ ತಟ್ಟಿದರು. ಯಾವ ಅಧಿಕಾರಿಯೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಬರಬೇಕಾಗಿದ್ದವರು ನರ್ಸಮ್ಮ ಒಬ್ಬರೇ...